ಅಧ್ಯಯನವೂ ಅಧ್ಯಾಪನವೂ: ಕಲಾವಿಭಾಗದ ವಿದ್ಯಾರ್ಥಿಗಳು ಊರಶಾಲೆಯಲ್ಲಿ ಪಡೆಯುವ ಅನುಭವ

 

ವಿಶ್ವವಿದ್ಯಾನಿಲಯಗಳಲ್ಲಿ ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರ, ಭೂಗೋಳ ಮೊದಲಾದ ಕಲಾವಿಷಯಗಳನ್ನು ಓದುತ್ತಿರುವ ತರುಣ ತರುಣಿಯರು ನೆರೆಯ ಪಾಠಶಾಲೆಗಳಿಗೆ ಹೋಗಿ ಬೋಧನೆಯ ಅನುಭವವನ್ನು ಸಂಪಾದಿಸುವ ಕ್ರಮವೇ ಈ ಹೊತ್ತಿನ ಉಪನ್ಯಾಸದ ವಿಷಯವಾಗಿರುವುದು. ಇದು ಮೇಲುನೋಟಕ್ಕೆ ಕಾಲೇಜಿನ ವಿದ್ವಾಂಸರಿಗೆ ಮಾತ್ರ ಸಂಬಂಧಿಸಿದ ಮಾತೆಂದು ತೋರಬಹುದು. ವಿಚಾರಿಸಿ ನೋಡಿದರೆ ಮಗುವನ್ನು ಶಾಲೆಗೆ ಕಳುಹಿಸುವ ಪ್ರತಿಯೊಂದು ಮನೆಗೂ ಇದು ಸಂಬಂಧಪಟ್ಟದ್ದಾಗಿದೆ. ಏಕೆಂದರೆ ಅನುಭವವನ್ನು ಪಡೆಯುವವನು ತರುಣನಾದರೂ ಆ ಅನುಭವಕ್ಕಾಗಿ ತನ್ನ ಹೊತ್ತನ್ನು ಕೊಡುವುದು ಮಗುವು. ತರುಣನ ಲಾಭವೂ ಮಗುವಿನ ಹಿತವೂ ಒಂದಕ್ಕೊಂದು ವಿರೋಧವಾಗದಂತೆ ನಡೆಯುವುದೆಂತು ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶವು.

ಮಹಾಭಾಷ್ಯಕಾರನಾದ ಪತಂಜಲಿಯು ತನ್ನ ಗ್ರಂಥದ ಮೊದಲನೆಯ ಆಹ್ನಿಕದಲ್ಲಿ ವಿದ್ಯೆಯು ನಾಲ್ಕು ಪ್ರಕಾರಗಳಿಂದ ಉಪಯುಕ್ತವಾಗುವುದೆಂದು ತಿಳಿಸಿರುವನು. ಗುರುಮುಖದಿಂದ ಪಡೆಯುವ ಕಾಲವು ಮೊದಲನೆಯದು; ತಾನೇ ಕುಳಿತು ಅಭ್ಯಾಸಮಾಡುವ ಕಾಲವು ಎರಡನೆಯದು; ಪರರಿಗೆ ಪ್ರವಚನಮಾಡುವ ಕಾಲವು ಮೂರನೆಯದು; ವ್ಯವಹಾರದಲ್ಲಿ ಬಳಸುವ ಕಾಲವು ನಾಲ್ಕನೆಯದು. ಈ ಅಳತೆಗೋಲನ್ನು ಹಿಡಿದು ಇಂದಿನ ಬಿ.ಎ. ತರಗತಿಯನ್ನು ನೋಡಬೇಕು. ಗುರುಮುಖದಿಂದ ಕೇಳುವುದು ಅಲ್ಲಿ ಸಾಕಷ್ಟುಂಟು. ಸ್ವಾಧ್ಯಾಯವು ಪರೀಕ್ಷೆಯು ಹತ್ತಿರವಾದಾಗಲಾದರೂ ನಡೆಯುವುದು. ವ್ಯವಹಾರವು ಉದ್ಯೋಗ ದೊರೆತ ಮೇಲೆ ಬರತಕ್ಕದ್ದು. ನಡುವಿನ ಪ್ರವಚನಕಾಲವು ಮಾತ್ರ ಬಹುಮಂದಿ ವಿದ್ಯಾರ್ಥಿಗಳ ಪಾಲಿಗೆ ಬರುವುದೇ ಇಲ್ಲ. ಮೂರು ವರ್ಷ ಚರಿತ್ರೆಯನ್ನೋದಿ ಪದವಿಯನ್ನು ಪಡೆದವನು ಅದನ್ನು ಒಂದು ದಿನವಾದರೂ ಮತ್ತೊಬ್ಬನಿಗೆ ತಿಳಿಯಹೇಳದೆಯೇ ಹೊರಬೀಳಬಹುದು. ಪಾಠಶಾಲೆಯ ಹಳೆಯ ಪದ್ಧತಿಯಲ್ಲಿ ಹೀಗಾಗುತ್ತಿರಲಿಲ್ಲ. ಕೌಮುದಿಯನ್ನೋದುವ ಹಿರಿಯ ವಿದ್ಯಾರ್ಥಿಯು ಶಬ್ದರೂಪಗಳನ್ನು ಕಲಿಯುವ ಕಿರಿಯನಿಗೆ ಪಾಠ ಹೇಳುವುದು ಅವನ ಅಧ್ಯಯನದ ಅಂಗವೇ ಆಗಿತ್ತು. ಹೇಳುವಾಗ ಎಡವಿದ ಸ್ಥಳವೇ ತಾನು ಮತ್ತೊಮ್ಮೆ ಓದಬೇಕಾದ ಸ್ಥಳವೆಂದು ಅವನು ತಿಳಿದುಕೊಳ್ಳುತ್ತಿದ್ದನು.

ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದ ಮೊದಲನೆಯ ಅಂಕದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಹೆಚ್ಚಿನವರಾರೆಂದು ವಾದಿಸುತ್ತ ರಾಜನ ಬಳಿಗೆ ಬರುವರು. ಒಬ್ಬನಿಗೆ ವಿದ್ಯೆಯು ತನ್ನಲ್ಲಿ ಚೆನ್ನಾಗಿರುವುದು, ಇನ್ನೊಬ್ಬನಿಗೆ ಅದನ್ನು ಪರರಲ್ಲಿ ನೆಲೆಗೊಳಿಸುವ ಶಕ್ತಿಯು ಹೆಚ್ಚಾಗಿರುವುದು, ಎರಡೂ ಉಳ್ಳವನೇ ಶಿಕ್ಷಕರಲ್ಲಿ ಅಗ್ರಗಣ್ಯನು ಎಂಬ ಅಭಿಪ್ರಾಯವು ಅಲ್ಲಿ ಬರುತ್ತದೆ. ಆ ವಿವಾದದ ತೀರ್ಮಾನಕ್ಕೆ ಗೊತ್ತುಪಡಿಸಿದ ಕ್ರಮವು ಗಮನಿಸತಕ್ಕದ್ದಾಗಿದೆ. ಆಚಾರ್ಯರು ತಾವೇ ಕುಣಿದು ತೋರಿಸಬೇಕೆಂದು ಯಾರೂ ಕೇಳಲಿಲ್ಲ. ಅವರ ಶಿಷ್ಯೆಯರು ಕಲಿತದ್ದನ್ನು ತೋರಿಸಬೇಕೆಂದಾಯಿತು. ಅಧ್ಯಾಪಕನ ಪರೀಕ್ಷೆಯು ಶಿಷ್ಯನಲ್ಲಿ ನಡೆಯತಕ್ಕದ್ದೆಂಬ ಈ ತತ್ತ್ವವು ಮುಂದಿನ ವಿಚಾರಕ್ಕೆಲ್ಲ ಆಧಾರವಾಗಿರಲಿ.

ಕಲಿಯುತ್ತಿರುವವನೇ ಕಲಿಸುವ ಈ ರೀತಿಗೆ ನಮ್ಮ ನಾಡಿನಿಂದ ಪರದೇಶಕ್ಕೆ ಹೋದ ಒಂದು ಕಥೆಯುಂಟು. ಊರ ಜಗಲಿಯ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವ ಪದ್ಧತಿಯು ಕನ್ನಡನಾಡಿನ ಕೂಲಿಮಠಗಳಲ್ಲಿದ್ದಂತೆ ಮದರಾಸು ಪ್ರಾಂತದ ಶಾಲೆಗಳಲ್ಲಿಯೂ ಇದ್ದಿತು. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು 1789ರಲ್ಲಿ ಮದರಾಸಿನ ಎಗ್ಮೂರಿನಲ್ಲಿದ್ದ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಕನಾದನು. ಅವನು ಮರಳಿನ ಮೇಲೆ ಬರೆಯುವ ಮಕ್ಕಳನ್ನು ಕಂಡು ಅದನ್ನೇ ತನ್ನ ಆಶ್ರಮದಲ್ಲಿ ತರಲೆಳಸಿದಾಗ ಅಲ್ಲಿಯ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನಿಗೇ ಅಕ್ಷರಾಭ್ಯಾಸದ ತರಗತಿಯನ್ನು ಒಪ್ಪಿಸಿದನು. ಬಾಲಕನು ಆ ಕೆಲಸವನ್ನು ಚೆನ್ನಾಗಿ ನಡೆಸಿದನು. ಬೆಲ್ ಸಾಹೇಬನು 1797ರಲ್ಲಿ ಈ ಪ್ರಯೋಗದ ವೃತ್ತಾಂತವನ್ನು ಪ್ರಕಟಿಸಲು ಅದು ಮದರಾಸು ಪದ್ಧತಿಯೆಂದು ಇಂಗ್ಲೆಂಡಿನಲ್ಲಿ ಹೆಸರಾಯಿತು. 1798ರಲ್ಲಿ ಲಂಡನ್ನಿನಲ್ಲಿ ಶಾಲೆಯನ್ನು ತೆರೆದ ಜೋಸೆಫ್ ಲ್ಯಾಂಕಾಸ್ಟರನೂ ಇಂತಹುದೇ ಕ್ರಮವನ್ನು ಬಳಸಿದನು.

ಆದರೆ ಕಾಲಕ್ರಮದಲ್ಲಿ ಆ ಪದ್ಧತಿಯ ಗುಣಕ್ಕಿಂತ ಅದರ ಅಗ್ಗತನವೇ ಆಡಳಿತಗಾರರ ಮನಸ್ಸನ್ನು ಸೆಳೆಯಿತು. ಒಬ್ಬನೇ ಉಪಾಧ್ಯಾಯನನ್ನಿಟ್ಟು ನೂರಾರು ಮಕ್ಕಳನ್ನು ಹಿರಿಯ ಹುಡುಗರ ಕೈಯಲ್ಲಿ ಬಿಟ್ಟರೆ ಖರ್ಚು ಕಡಿಮೆಯಾಗುವುದಷ್ಟೆ! ಮಕ್ಕಳು ಪಾಠವನ್ನು ಗಿಳಿಯಂತೆ ಒಪ್ಪಿಸಿದರೇ ಹೊರತು ಅರ್ಥವನ್ನು ಗ್ರಹಿಸಲಿಲ್ಲವೆಂಬ ಆಕ್ಷೇಪವು ಹುಟ್ಟಿತು. 1846ರಲ್ಲಿ ಅಲ್ಲಿಯ ಸರಕಾರವು ಹದಿಮೂರು ವರ್ಷದ ಮಕ್ಕಳನ್ನು ಐದು ವರ್ಷಗಳ ಕಾಲ ಉಪಾಧ್ಯಾಯರ ಕೈಕೆಳಗೆ ತರಬೇತಿಗಿಡುವ ಬೇರೊಂದು ಕ್ರಮವನ್ನು ತಂದಿತು. 1890ರಿಂದೀಚೆಗೆ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳೇ ಅಧ್ಯಾಪಕರ ಶಿಕ್ಷಣವನ್ನು ಕೈಗೊಳ್ಳತೊಡಗಿದವು. ಕಲಿಸುತ್ತ ಕಲಿಯುವುದು ಒಳ್ಳೆಯದು. ಉಪಾಧ್ಯಾಯರ ಸಂಬಳವನ್ನು ಉಳಿಸುವುದಕ್ಕಾಗಿ ಕಲಿಯುವವನಿಂದ ಕಲಿಸುವುದು ಕೆಟ್ಟದ್ದು. ಈ ಎರಡರ ಭೇದವನ್ನು ಮರೆತುದೇ ಮದರಾಸು ಪದ್ಧತಿಯ ಅವನತಿಗೆ ಮುಖ್ಯವಾದ ಕಾರಣವೆನ್ನಬಹುದು.

ಇದಂತಿರಲಿ, ಸ್ವತಂತ್ರ ಭಾರತದಲ್ಲಿ ಈ ದಿಶೆಯಲ್ಲಿ ನಡೆದ ಪ್ರಯತ್ನಗಳನ್ನು ನೋಡುವುದು ಅವಶ್ಯಕ. 1963ರಲ್ಲಿ ಅಜ್ಮೀರ, ಭೋಪಾಲ, ಭುವನೇಶ್ವರ, ಮೈಸೂರು ಎಂಬ ನಾಲ್ಕು ಸ್ಥಳಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಸ್ಥಾಪಿತವಾದವು. ವಿಷಯಜ್ಞಾನವನ್ನೂ ಬೋಧನಕಲೆಯನ್ನೂ ನಾಲ್ಕು ವರ್ಷಗಳಲ್ಲಿ ಜೊತೆಜೊತೆಯಾಗಿ ಕಲಿಸುವುದು ಅವುಗಳ ವೈಶಿಷ್ಟ್ಯವಾಯಿತು. ಕಾಲೇಜಿನ ಆವರಣದಲ್ಲಿಯೇ ಒಂದು ಪ್ರಾತ್ಯಕ್ಷಿಕೆಯ ಶಾಲೆಯನ್ನು ಇರಿಸಿದ್ದರಿಂದ ವಿದ್ಯಾರ್ಥಿಯು ಬೆಳಗ್ಗೆ ಕೇಳಿದ ತತ್ತ್ವವನ್ನು ಮಧ್ಯಾಹ್ನ ಮಕ್ಕಳ ನಡುವೆ ಕಾಣುವುದು ಶಕ್ಯವಾಯಿತು. 1964ರಿಂದ 1966ರ ವರೆಗೆ ಕಾರ್ಯನಡೆಸಿದ ಕೊಠಾರಿ ಆಯೋಗವು ಅಧ್ಯಾಪಕರ ತರಬೇತಿಯು ಒಂದು ಕಡೆ ವಿಶ್ವವಿದ್ಯಾನಿಲಯದಿಂದಲೂ ಇನ್ನೊಂದು ಕಡೆ ಶಾಲೆಯಿಂದಲೂ ದೂರವಾಗಿ ಒಂಟಿಯಾಗಿರುವುದನ್ನು ಎತ್ತಿ ತೋರಿಸಿತು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಾವಳಿಯು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ಹೆಚ್ಚಿಸಿ, ಅದರಲ್ಲಿ 20 ವಾರಗಳನ್ನು, ಅಂದರೆ ಮೊದಲನೆಯ ವರ್ಷ 4, ಎರಡನೆಯ ವರ್ಷ 16 ವಾರಗಳನ್ನು, ಶಾಲೆಯ ಅನುಭವಕ್ಕೆಂದು ಮೀಸಲಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣನೀತಿಯು ನಾಲ್ಕು ವರ್ಷಗಳ ಸಂಯುಕ್ತ ವ್ಯಾಸಂಗವನ್ನು ಮುಂದಿಡಲು, 2023-24ರಲ್ಲಿ ಆಯ್ದ ಸಂಸ್ಥೆಗಳಲ್ಲಿ ಅದು ಆರಂಭವಾಯಿತು.

ಇವೆಲ್ಲವೂ ಅಧ್ಯಾಪಕವೃತ್ತಿಯನ್ನು ಹಿಡಿಯುವೆನೆಂದು ಮೊದಲೇ ನಿಶ್ಚಯಿಸಿದವರಿಗಾಗಿ ಏರ್ಪಟ್ಟ ಕ್ರಮಗಳು. ಇನ್ನೂ ನಿಶ್ಚಯಿಸದ ಬಿ.ಎ. ವಿದ್ಯಾರ್ಥಿಯ ಗತಿಯೇನು? ಬ್ರಿಟನ್ನಿನಲ್ಲಿ 2002ರಲ್ಲಿ ವಿಜ್ಞಾನಲೇಖಕರಾದ ಸೈಮನ್ ಸಿಂಗ್ ಮತ್ತು ಹ್ಯೂ ಮೇಸನ್ ಎಂಬವರು ಇಂತಹರಿಗಾಗಿ ಒಂದು ಯೋಜನೆಯನ್ನು ಪ್ರಾರಂಭಿಸಿದರು. ಪದವಿಯ ವಿದ್ಯಾರ್ಥಿಯು ಒಂದು ಅವಧಿಯವರೆಗೆ ವಾರಕ್ಕೆ ಕೆಲವು ಗಂಟೆಗಳಂತೆ ನೆರೆಯ ಶಾಲೆಗೆ ಹೋಗಿ, ಮೊದಲು ನೋಡಿ, ಬಳಿಕ ಉಪಾಧ್ಯಾಯರಿಗೆ ನೆರವಾಗಿ, ಕಡೆಗೆ ತಾನೇ ಒಂದು ಚಿಕ್ಕ ಪಾಠವನ್ನು ರಚಿಸಿ ನಡೆಸಬೇಕು. ಅದಕ್ಕೆ ಪದವಿಯ ಲೆಕ್ಕದಲ್ಲಿ ಅಂಕಗಳೂ ದೊರೆಯುವುವು. ಗಣಿತ ವಿಜ್ಞಾನಗಳಿಂದ ಮೊದಲಾದ ಈ ರೀತಿಯನ್ನು ಕಲಾವಿಷಯಗಳ ವಿದ್ಯಾರ್ಥಿಗಳಿಗೂ ಅನ್ವಯಿಸುವ ವ್ಯವಸ್ಥೆಯು ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದಿದೆ. ಇದರಲ್ಲೊಂದು ಸೂಕ್ಷ್ಮವಾದ ಪ್ರಯೋಜನವುಂಟು. ತನಗೆ ಮಕ್ಕಳ ಸಹವಾಸವು ಒಗ್ಗದೆಂದು ಯುವಕನೊಬ್ಬನು ಇಪ್ಪತ್ತನೆಯ ವಯಸ್ಸಿನಲ್ಲಿಯೇ ಕಂಡುಕೊಂಡರೆ ಅದು ಸೋಲಲ್ಲ. ಬಿ.ಎಡ್. ಮುಗಿಸಿ, ತಂದೆಯ ಹಣವನ್ನು ವೆಚ್ಚಮಾಡಿ, ಕೆಲಸ ಹಿಡಿದ ಮೇಲೆ ಅದನ್ನು ಕಂಡುಕೊಂಡರೆ ಅವನಿಗೂ ಕಷ್ಟ, ಮೂವತ್ತು ವರ್ಷ ಅವನ ಎದುರಿಗೆ ಕುಳಿತುಕೊಳ್ಳತಕ್ಕ ಮಕ್ಕಳಿಗೂ ಕಷ್ಟ.

ಇನ್ನು ಶಾಲೆಯ ಹೊಸ್ತಿಲನ್ನು ದಾಟಿದ ಕಲಾವಿದ್ಯಾರ್ಥಿಗೆ ಎದುರಾಗುವ ಸಂಗತಿಗಳನ್ನು ಕಿಂಚಿತ್ ನೋಡುವ. ಚರಿತ್ರೆಯ ವಿದ್ಯಾರ್ಥಿಯು ಶ್ರೀರಂಗಪಟ್ಟಣದ ಪತನವನ್ನು ಪಾಠಮಾಡುತ್ತ, ಅದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, 1799ರಲ್ಲಿ ನಡೆಯಿತೆಂದು ಕರಿಹಲಗೆಯ ಮೇಲೆ ಬರೆಯುವನೆಂದಿಟ್ಟುಕೊಳ್ಳಿರಿ. ಆಗ ಆರನೆಯ ತರಗತಿಯ ಹುಡುಗಿಯೊಬ್ಬಳು, “ಮೊದಲಲ್ಲಿ ಹದಿನೇಳು ಎಂದಿದೆಯಲ್ಲಾ ಸರ್, ಹದಿನೆಂಟನೆಯದು ಹೇಗಾಯಿತು?” ಎಂದು ಕೇಳಿದರೆ ಮೈಸೂರು ಯುದ್ಧಗಳ ಮೇಲೆ ಹತ್ತು ಪುಟ ಬರೆಯಬಲ್ಲವನೂ ತಬ್ಬಿಬ್ಬಾಗುವನು. ಅನುಭವವುಳ್ಳ ಉಪಾಧ್ಯಾಯರಾದರೋ, ಮನೆಯಲ್ಲಿರುವ ಕೂಸಿಗೆ ಒಂದು ವರ್ಷ ತುಂಬುವ ಮೊದಲು ಅದು ಎಷ್ಟನೆಯ ವರ್ಷದಲ್ಲಿದೆ ಎಂದು ಕೇಳುವರು. ಒಂದು ತುಂಬದಿದ್ದರೂ ಕೂಸು ನಡೆಯಿಸುತ್ತಿರುವುದು ಒಂದನೆಯ ವರ್ಷವೇ. ಹಾಗೆಯೇ ಮೊದಲ ನೂರು ತುಂಬುವ ತನಕ ಒಂದನೆಯ ಶತಮಾನ, ಹದಿನೇಳು ನೂರು ತುಂಬಿದ ಮೇಲೆ ನಡೆಯುವುದು ಹದಿನೆಂಟನೆಯದು. ಹುಡುಗಿಗೆ ತಿಳಿಯಿತು, ಮಗ್ಗುಲಲ್ಲಿ ನಿಂತ ಪದವಿಯ ವಿದ್ಯಾರ್ಥಿಗೂ, ತಿಳಿದಿರುವುದು ಬೇರೆ, ತಿಳಿಸುವುದು ಬೇರೆ ಎಂಬುದು ಮನದಟ್ಟಾಯಿತು.

ಭೂಗೋಳದವನಿಗೆ ಇನ್ನೊಂದು ತೊಡಕು. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಉತ್ತರವು ಮೇಲ್ಗಡೆಗಿರುವುದರಿಂದ ಮಕ್ಕಳು ಉತ್ತರವೆಂದರೆ ಆಕಾಶದ ಕಡೆಗೆ ಕೈದೋರುವುದುಂಟು. ಕೂಡಲಿಯಲ್ಲಿ ಒಂದಾದ ತುಂಗಭದ್ರೆಯು ಉತ್ತರಕ್ಕೂ ಈಶಾನ್ಯಕ್ಕೂ ಹರಿದು ಕೃಷ್ಣೆಯನ್ನು ಸೇರುವುದೆಂದರೆ, ನೀರು ಮೇಲಕ್ಕೆ ಹತ್ತುವುದೆಂತು ಎಂದು ಅವರಿಗೆ ಆಶ್ಚರ್ಯವಾಗುವುದು. ಭೂಪಟವನ್ನು ಗೋಡೆಯಿಂದಿಳಿಸಿ ಅಂಗಳದ ನೆಲದ ಮೇಲೆ ಹಾಸಿ, ಸೂರ್ಯನು ಹುಟ್ಟಿದ ದಿಕ್ಕಿಗೆ ಅದರ ಮೂಡಣವನ್ನು ಹೊಂದಿಸಿದ ಕೂಡಲೆ ಆ ತೊಡಕು ಬಿಡುವುದು. ಅರ್ಥಶಾಸ್ತ್ರದವನು ಬೇಡಿಕೆ ಪೂರೈಕೆಗಳ ಲಕ್ಷಣವನ್ನು ಉಚ್ಚರಿಸುವುದಕ್ಕೆ ಮೊದಲೇ, ಟೊಮೇಟೊ ಬೆಳೆದ ಮನೆಯ ಹುಡುಗನು ಮಾಲು ಹೆಚ್ಚಾದ ದಿನ ಮಂಡಿಯಲ್ಲಿ ಬೆಲೆಯು ಹೇಗೆ ಬಿತ್ತೆಂಬುದನ್ನು ಹೇಳಿಬಿಡುವನು. ಶಾಸ್ತ್ರವು ಮಗುವಿನ ಮನೆಯಲ್ಲಿಯೇ ಇರುವುದು. ಅದಕ್ಕೆ ಹೆಸರಿಡುವುದಷ್ಟೇ ಅಧ್ಯಾಪಕನ ಕೆಲಸ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಯು ಕಲಿಯುವ ಪಾಠವು ಇವೆಲ್ಲಕ್ಕಿಂತ ಆಳವಾದದ್ದು. ತಾಂಡಾದ ಮಗುವು ಮನೆಯಲ್ಲಿ ಲಂಬಾಣಿಯನ್ನಾಡುವುದು. ಕೋಲಾರದ ಕಡೆಯಲ್ಲಿ ತೆಲುಗು, ಕಲಬುರಗಿಯ ಕಡೆಯಲ್ಲಿ ಉರ್ದು, ಕರಾವಳಿಯಲ್ಲಿ ತುಳು ಕೊಂಕಣಿಗಳು ಎಷ್ಟೋ ಮಕ್ಕಳ ತಾಯ್ನುಡಿಗಳಾಗಿವೆ. ಕನ್ನಡವನ್ನೇ ಆಡುವ ಮನೆಯಲ್ಲಿಯೂ ಆಡುಮಾತು ಒಂದು, ಪುಸ್ತಕದ ಮಾತು ಇನ್ನೊಂದು. ಸೂತ್ರ ಅಲಂಕಾರಗಳನ್ನು ಕಂಠಪಾಠಮಾಡಿದ ತರುಣನು ಒಂದು ಮಗುವಿನ ಪಕ್ಕದಲ್ಲಿ ಕುಳಿತು, ಅದು ಅಕ್ಷರಕ್ಕೆ ಅಕ್ಷರವನ್ನು ಕೂಡಿಸಿ ಒಂದು ಪದವನ್ನು ಮೊದಲ ಬಾರಿ ತಾನೇ ಓದಿದುದನ್ನು ಕಂಡಾಗ, ಭಾಷೆಯೆಂದರೇನೆಂಬುದು ಅವನಿಗೆ ಹೊಸದಾಗಿ ಹೊಳೆಯುವುದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಾಡಿನಲ್ಲೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುವರು. ಅಂತಹ ಕೋಣೆಯನ್ನು ಹೊಕ್ಕವನು ಉಪನ್ಯಾಸ ಮಾಡಹೊರಟರೆ ಕೇಳುವವರಾರೂ ಇರುವುದಿಲ್ಲ. ಅವನು ಮೊದಲು ನೆಲದ ಮೇಲೆ ಕುಳಿತು ನೋಡುವುದನ್ನು ಕಲಿಯಬೇಕು.

ಆದಕಾರಣ ಈ ಅನುಭವವು ಕ್ರಮವರಿತು ನಡೆಯತಕ್ಕದ್ದು. ಮೊದಲಿನ ಕೆಲವು ದಿನ ವಿದ್ಯಾರ್ಥಿಯು ಮಾತನಾಡದೆ ಹಿಂಬದಿಯಲ್ಲಿ ಕುಳಿತು, ಉಪಾಧ್ಯಾಯರು ಹೇಗೆ ಪ್ರಶ್ನೆ ಕೇಳುವರು, ಉತ್ತರ ಹೇಳದ ಮಗುವನ್ನು ಹೇಗೆ ಮಾತಾಡಿಸುವರು ಎಂಬುದನ್ನು ಗಮನಿಸಬೇಕು. ಬಳಿಕ ಹಿಂದೆ ಬಿದ್ದ ಇಬ್ಬರು ಮೂವರು ಮಕ್ಕಳಿಗೆ ಓದಿಸುವ ಬರೆಯಿಸುವ ನೆರವನ್ನು ಕೊಡಬೇಕು. ಆಮೇಲೆ ಹತ್ತು ನಿಮಿಷಗಳ ಒಂದು ಚಿಕ್ಕ ಭಾಗವನ್ನು, ಕಡೆಗೆ ಇಡೀ ಪಾಠವನ್ನು ತೆಗೆದುಕೊಳ್ಳಬೇಕು. ಪಾಠಕ್ಕೆ ಮುಂಚೆ ಯೋಜನೆಯನ್ನು ಬರೆದು ಉಪಾಧ್ಯಾಯರಿಗೆ ತೋರಿಸುವುದೂ, ಪಾಠವಾದ ಮೇಲೆ ಅವರ ಅಭಿಪ್ರಾಯವನ್ನು ಕೇಳಿ ಬರೆದುಕೊಳ್ಳುವುದೂ ತಪ್ಪಬಾರದು. ಮಕ್ಕಳನ್ನು ಹೊಡೆಯುವುದೂ ಮನಸ್ಸು ನೋಯಿಸುವುದೂ 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣದಿಂದ ನಿಷಿದ್ಧವಾಗಿರುವುದೆಂದು ಅವನಿಗೆ ಮೊದಲ ದಿನವೇ ತಿಳಿಸಬೇಕು. ಮಕ್ಕಳ ರಕ್ಷಣೆಗಾಗಿ ಬಂದವನ ಪೂರ್ವಾಪರವನ್ನು ವಿಚಾರಿಸುವುದೂ, ಶಾಲೆಯ ಉಪಾಧ್ಯಾಯರೊಬ್ಬರು ಸದಾ ಜೊತೆಗಿರುವುದೂ ಮುಖ್ಯೋಪಾಧ್ಯಾಯರ ಹೊಣೆಯಾಗಿದೆ.

ಈಗ ಅಪಾಯಗಳ ವಿಷಯ. ಮೊದಲನೆಯದು ಸುಳ್ಳಿನ ಅಪಾಯ. ಶಾಲೆಗೆ ಹೋಗದೆ ವಿದ್ಯಾರ್ಥಿನಿಲಯದಲ್ಲಿ ಕುಳಿತು ಹಳೆಯ ಪುಸ್ತಕವನ್ನು ನೋಡಿ ಪಾಠಟಿಪ್ಪಣಿಗಳನ್ನು ನಕಲುಮಾಡಿ ಸಹಿಮಾಡಿಸಿಕೊಂಡು ಬಂದರೆ ಕಾಗದಕ್ಕೆ ಅನುಭವ ಬಂದೀತು, ಮನುಷ್ಯನಿಗೆ ಬಾರದು. ಮಕ್ಕಳಿಗೆ ಸತ್ಯವನ್ನು ಬೋಧಿಸಬೇಕಾದ ವೃತ್ತಿಗೆ ಅಸತ್ಯದ ದಾಖಲೆಯಿಂದ ಪ್ರವೇಶಮಾಡುವುದು ಎಂತಹ ಪ್ರಾರಂಭ! ಸಹಿಮಾಡುವವರೂ ಇದರಲ್ಲಿ ಪಾಲುಗಾರರೇ.

ಎರಡನೆಯ ಅಪಾಯವು ಇದಕ್ಕಿಂತ ದೊಡ್ಡದು. ಅದೇ ಮದರಾಸು ಪದ್ಧತಿಯನ್ನು ಕೆಡಿಸಿದ ಅಗ್ಗತನದ ಆಸೆ. ಶಿಕ್ಷಣ ಹಕ್ಕಿನ ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೊಬ್ಬರು, ಆರರಿಂದ ಎಂಟನೆಯವರೆಗೆ 35 ಮಕ್ಕಳಿಗೊಬ್ಬರು ಎಂಬ ಪ್ರಮಾಣದಲ್ಲಿ ಅರ್ಹರಾದ ಉಪಾಧ್ಯಾಯರಿರತಕ್ಕದ್ದು. ಹುದ್ದೆ ತೆರವಾದ ಶಾಲೆಯಲ್ಲಿ ಕಾಲೇಜಿನ ವಿದ್ಯಾರ್ಥಿಯೊಬ್ಬನು ಬಂದನೆಂದರೆ, ಅವನಿಗೆ ಒಂದು ತರಗತಿಯನ್ನೇ ಒಪ್ಪಿಸಿ ನಿಶ್ಚಿಂತರಾಗುವ ಮನಸ್ಸು ಯಾರಿಗಾದರೂ ಬಂದೀತು. ಊರವರಿಗೂ ಅದು ಉಪಕಾರವೆಂದೇ ತೋರೀತು. ಆದರೆ ಅಭ್ಯಾಸಕ್ಕೆ ಬಂದವನು ವಾರಗಳ ಲೆಕ್ಕದಲ್ಲಿ ಹೊರಟುಹೋಗುವನು. ತೆರವಾದ ಹುದ್ದೆಯು ಹಾಗೆಯೇ ಉಳಿಯುವುದು. ಅದನ್ನು ತುಂಬಬೇಕೆಂದು ಕೇಳುವ ಧ್ವನಿಯೂ ಅಷ್ಟರಲ್ಲಿ ಉಡುಗಿರುವುದು. ವಿದ್ಯಾರ್ಥಿಯು ಮುಂದಿನ ವರ್ಷ ಇನ್ನೊಂದು ಶಾಲೆಯಲ್ಲಿ ತಪ್ಪನ್ನು ತಿದ್ದಿಕೊಳ್ಳಬಹುದು. ಮೂರನೆಯ ತರಗತಿಯ ಮಗುವಿಗೆ ಮೂರನೆಯ ತರಗತಿಯು ಮತ್ತೆ ಬಾರದು. ಆದ್ದರಿಂದ ಅಭ್ಯಾಸಿಯು ಬಂದ ಕಾರಣ ಉಪಾಧ್ಯಾಯರಲ್ಲಿ ಒಬ್ಬರೂ ಕಡಿಮೆಯಾಗಕೂಡದು. ಮಗುವಿಗೆ ದೊರೆಯುವ ಗಮನವು ಮೊದಲಿಗಿಂತ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು. ಇದೊಂದು ನಿಯಮವನ್ನು ಪಾಲಿಸಿದರೆ ಉಳಿದ ನಿಯಮಗಳು ತಾವಾಗಿಯೇ ನಡೆಯುವುವು.

ಭಕ್ತಮಹಾಶಯರು ಇದರಲ್ಲಿ ಮಾಡಬೇಕಾದುದೇನೆಂಬ ಪ್ರಶ್ನೆಯು ಸಹಜವಾಗಿಯೇ ಏಳುವುದು. ನಾಡಿನ ಮಠಗಳೂ ಅವುಗಳ ಭಕ್ತರು ಕಟ್ಟಿದ ಸಂಸ್ಥೆಗಳೂ ಅನೇಕ ಕಡೆಗಳಲ್ಲಿ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಕಾಲೇಜು, ಉಚಿತ ಪ್ರಸಾದನಿಲಯ ಇವೆಲ್ಲವನ್ನೂ ಒಂದೇ ಊರಿನಲ್ಲಿ, ಕೆಲವೆಡೆ ಒಂದೇ ಆವರಣದಲ್ಲಿ ನಡೆಸುತ್ತಿವೆ. ಕಾಲೇಜಿಗೂ ಪ್ರಾಥಮಿಕ ಶಾಲೆಗೂ ನಡುವಿರುವುದು ಒಂದು ಗೋಡೆ ಮಾತ್ರ. ಆದರೆ ಆ ಗೋಡೆಯನ್ನು ದಾಟಿ ಬಿ.ಎ. ವಿದ್ಯಾರ್ಥಿಯು ಶಾಲೆಗೆ ಹೋಗುವ ದಾರಿಯನ್ನು ಬಹುಕಡೆ ಯಾರೂ ತೆರೆದಿಲ್ಲ. ಪ್ರಸಾದನಿಲಯದ ಸಂಜೆಯ ಓದಿನ ಹೊತ್ತಿನಲ್ಲಿ ಕಾಲೇಜಿನವನೊಬ್ಬನು ಐದು ಮಂದಿ ಚಿಕ್ಕಮಕ್ಕಳನ್ನು ತನ್ನ ಹೊಣೆಗೆ ತೆಗೆದುಕೊಳ್ಳುವುದರಿಂದ ಈ ಕಾರ್ಯವು ಆರಂಭವಾಗಬಹುದು. ಇದಕ್ಕೆ ಸರಕಾರದ ಅಪ್ಪಣೆಯೂ ಬೇಡ, ಹೊಸ ಕಟ್ಟಡವೂ ಬೇಡ. ಆಡಳಿತಮಂಡಲಿಯವರು ಇದನ್ನು ವೇಳಾಪತ್ರಿಕೆಯಲ್ಲಿ ಸೇರಿಸಿ, ಅನುಭವಿಗಳಾದ ಒಬ್ಬ ಉಪಾಧ್ಯಾಯರನ್ನು ಮಾರ್ಗದರ್ಶಕರನ್ನಾಗಿ ನೇಮಿಸಿ, ಅವರ ಇತರ ಕೆಲಸದ ಭಾರವನ್ನು ಅಷ್ಟರಮಟ್ಟಿಗೆ ಇಳಿಸಿದರೆ ಸಾಕು. ಮಾರ್ಗದರ್ಶನವೂ ದುಡಿಮೆಯೇ ಎಂಬುದನ್ನು ಮರೆಯಬಾರದು.

ಕಾಲೇಜಿನ ವಿದ್ಯೆಯನ್ನು ಪಡೆದವರು ಶಾಲೆಯ ಮಕ್ಕಳ ಮುಂದೆ ನಿಲ್ಲುವುದು ಕೀಳಾದ ಕೆಲಸವೆಂಬ ಭ್ರಾಂತಿಯೂ ಕೆಲವರಲ್ಲಿದೆ. ಅಂಥವರು ಬೆಳಗಾವಿಯ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥೆಯ ಮೂಲವನ್ನು ಸ್ಮರಿಸಬೇಕು. 1916ರಲ್ಲಿ ಅದನ್ನು ಸ್ಥಾಪಿಸಿದವರು ಏಳು ಮಂದಿ ಅಧ್ಯಾಪಕರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರಲ್ಲಿ ಶಿ. ಶಿ. ಬಸವನಾಳ, ಮ. ರಾ. ಸಾಖರೆ ಅವರಂತಹ ವಿದ್ವಾಂಸರಿದ್ದರು. ಅವರು ಕಟ್ಟಹೊರಟದ್ದು ಮೊದಲು ಒಂದು ಶಾಲೆಯನ್ನು. ಮಕ್ಕಳೆದುರು ನಿಂತದ್ದರಿಂದ ಅವರ ಪಾಂಡಿತ್ಯವು ಕುಂದಲಿಲ್ಲ. ನಾಡಿಗೆ ಒಂದು ದೊಡ್ಡ ವಿದ್ಯಾಸಂಸ್ಥೆಯು ದೊರೆಯಿತು.

ಆದುದರಿಂದ ಮನೆಯಲ್ಲಿ ಬಿ.ಎ. ಓದುವ ಮಗನೋ ಮಗಳೋ ಇರುವವರು, ಅವರು ಎಷ್ಟು ಅಂಕ ಪಡೆದರೆಂದು ಕೇಳುವುದರ ಜೊತೆಗೆ ಯಾರಿಗೆ ಏನನ್ನು ಕಲಿಸಿದರೆಂದೂ ಕೇಳಲಿ. ಊರಶಾಲೆಯಲ್ಲಿ ಮಗುವಿರುವವರು, ಅಭ್ಯಾಸಕ್ಕೆ ಬಂದ ತರುಣರನ್ನು ಆದರದಿಂದ ಬರಮಾಡಿಕೊಳ್ಳಲಿ. ಅವರು ಹೋದ ಮೇಲೆ ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು ಪುಸ್ತಕ ತೆರೆದು ಓದಿಸಿ ನೋಡಲಿ. ಮಗುವು ಮೊದಲಿಗಿಂತ ಚೆನ್ನಾಗಿ ಓದಿದರೆ ಆ ತರುಣನ ಅನುಭವವು ಸಾರ್ಥಕವಾಯಿತು. ಅವನ ಪರೀಕ್ಷೆಯು ನಡೆಯತಕ್ಕ ಸ್ಥಳವು ಅದೇ ಸರಿ. ಶುಭಂ ಭೂಯಾತ್.